‘ಮ’ ಅಕ್ಷರಕ್ಕೆ ಮುಂಚೆ

ಹೆಡ್‌ಫೋನಿನಲ್ಲಿ ಕೇಳಿಸಿದ್ದು ಯಾರೋ ಅಪರಿಚಿತ ಹೆಂಗಸಿನ ದನಿ. ಆದರೆ ಆ ಮಾತು... ಆ ಮಾತು ದುರ್ಗೇಶನದು!

“ನಾನು... ಏನಂದ್ರೆ... ಮನೆಗೆ ಹೋಗ್ತೀನಿ.”

ಮಹಾಲಕ್ಷ್ಮೀ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡಳು. ಮತ್ತೆ ಅದೇ ಸಾಲು ಹಾಕಿ ಕೇಳಿದಳು. ಅದೇ ತಡೆ. ಮಾತಿಗೆ ಮುಂಚೆ ಅದೇ ಸಣ್ಣ ಉಸಿರು...

ಅವಳು ಸಾಗರದ ಕಾಲೇಜೊಂದರಲ್ಲಿ ಭಾಷಾಶಾಸ್ತ್ರ ಕಲಿಸುತ್ತಿದ್ದಳು. ಎದುರಿಗೆ ಕುಳಿತಿದ್ದ ಕಾವ್ಯಾ ಅವಳ ಮಾರ್ಗದರ್ಶನದಲ್ಲಿ ಎಂ.ಎ. ಪ್ರಬಂಧ ಬರೆಯುತ್ತಿದ್ದ ಹುಡುಗಿ. ಹೊರಗಿನಿಂದ ದುಡಿಯಲು ಬಂದವರು ಕನ್ನಡ ಹೇಗೆ ಕಲಿಯುತ್ತಾರೆ ಎಂಬುದು ಅವಳ ವಿಷಯ. ಹೊಸನಗರದ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವವರ ಮಾತುಗಳನ್ನು ರೆಕಾರ್ಡ್ ಮಾಡಿ ತಂದಿದ್ದಳು.

“ಎಲ್ರೂ ‘ಮ’ ಬಂದಲ್ಲಿ ತಡವರಿಸ್ತಾರೆ ಮೇಡಂ. ಮೊದ್ಲು ‘ಏನಂದ್ರೆ’ ಅಂತಾರೆ. ಅಸ್ಸಾಮಿ ಪ್ರಭಾವ ಅಂತ ಬರೀಲಾ? ಇಲ್ಲಾ, ಅದನ್ನೆಲ್ಲ ಕತ್ತರಿಸಿ ಹಾಕ್ಲಾ?”

“ಕತ್ತರಿಸ್ಬೇಡ.” ಮಹಾಲಕ್ಷ್ಮೀ ಹೆಡ್‌ಫೋನ್ ಕೆಳಗಿಟ್ಟಳು. “ಇವ್ರಲ್ಲಿ ಒಡಿಶಾದವ್ರೂ ಇದಾರೆ, ನೇಪಾಳದವ್ರೂ ಇದಾರೆ. ತಾಯ್ನುಡಿ ಬೇರೆ ಬೇರೆ ಇದ್ದೂ ತಡವರಿಕೆ ಒಂದೇ ಆದ್ರೆ, ಅದು ಎಲ್ಲಿಂದ ಬಂದಿರ್ಬೇಕು?”

ಕಾವ್ಯಾ ಸ್ವಲ್ಪ ಯೋಚಿಸಿದಳು. “ಕಲಿಸಿದವ್ರಿಂದ...?”

“ಹೂಂ. ಯಾರು ಕಲಿಸೋದು?”

“ಯಾರೋ ಸಾರ್ ಅಂತೆ. ಭಾನುವಾರ ಮಾತ್ರ ಕಲಿಸ್ತಾರಂತೆ. ನಾನು ನೋಡಿಲ್ಲ.”

ಅಂದು ಮನೆಗೆ ಹೋದ ಮೇಲೂ ಆ ದನಿಗಳು ಮಹಾಲಕ್ಷ್ಮೀಯನ್ನು ಬಿಡಲಿಲ್ಲ. ಹೆಂಗಸರು, ಗಂಡಸರು, ಮುದುಕರು... ಅಷ್ಟೂ ಜನರ ಮೈಮೇಲೆ ಒಬ್ಬನೇ ಬಂದು ಮಾತಾಡುತ್ತಿದ್ದಾನೆ ಅನ್ನಿಸುತ್ತಿತ್ತು.

ದುರ್ಗೇಶ್ ತೀರ್ಥಹಳ್ಳಿಯವನು. ಇಬ್ಬರೂ ಪ್ರೊಫೆಸರ್ ಮುಕುಂದಯ್ಯನವರ ಬಳಿ ಸಂಶೋಧನೆಗೆ ಸೇರಿದ್ದರು. ಅವನಿಗೆ ಮಾತು ತೊದಲುತ್ತಿತ್ತು. ‘ಮ’ ಹತ್ತಿರ ಬಂದರೆ ‘ಏನಂದ್ರೆ’ ಎಂದು ಉಸಿರೆಳೆದುಕೊಂಡು ದಾಟುತ್ತಿದ್ದ. ಅವಳನ್ನು ಬರೀ ‘ಲಕ್ಷ್ಮೀ’ ಎನ್ನುತ್ತಿದ್ದ. ಇಬ್ಬರೂ ಮದುವೆಯ ಮಾತಾಡಿಕೊಂಡಿದ್ದರು.

ಅವನು ಪ್ರಬಂಧ ಮಂಡಿಸಿದ ದಿನ ತುಂಬಿದ ಸಭೆಯಲ್ಲಿ ಮಾತು ಸಿಕ್ಕಿಹಾಕಿಕೊಂಡಿತು. ಹಿಂದೆ ಯಾರೋ ಕಿಸಕ್ಕೆಂದರು. ತಡೆಯಲಾರದೆ ಮಹಾಲಕ್ಷ್ಮೀ ಎದ್ದು ಆ ವಾಕ್ಯವನ್ನು ತಾನೇ ಮುಗಿಸಿದಳು.

ಆ ಸಂಜೆಯಿಂದ ಅವನಿಲ್ಲ. ಫೋನಿಲ್ಲ, ಸುದ್ದಿಯಿಲ್ಲ. ತೀರ್ಥಹಳ್ಳಿಗೆ ಹೋಗಿ ವಿಚಾರಿಸಿದರೆ ಒಬ್ಬರು ಬಸ್ ಹತ್ತಿದ್ದು ಕಂಡೆ ಎಂದರು, ಇನ್ನೊಬ್ಬರು ಹೊಳೆಯ ಕಡೆ ನಡೆದದ್ದು ಕಂಡೆ ಎಂದರು. ಬದುಕಿದ್ದಾನೋ, ಇಲ್ಲವೋ... ಹತ್ತು ವರ್ಷ ಅವಳು ಆ ಎರಡರ ನಡುವೆಯೇ ಬದುಕಿದ್ದಳು.

ಭಾನುವಾರ ಬೆಳಿಗ್ಗೆ ಹೊಸನಗರದ ಬಸ್ ಹತ್ತಿದಾಗ ಅವಳಿಗೆ ಒಂದೇ ಹೆದರಿಕೆ. ಅವನಿಂದ ಕಲಿತ ಇನ್ಯಾರೋ ಅಲ್ಲಿದ್ದರೆ? ಅವನಲ್ಲದೆ, ಅವನ ದನಿ ಮಾತ್ರ ಉಳಿದಿದ್ದರೆ?

ಗಿರಣಿಯ ಹಿಂದಿನ ಶೆಡ್ಡಿನಿಂದ ಎಲ್ಲರೂ ಒಟ್ಟಿಗೆ ಹೇಳುವುದು ಕೇಳಿಸಿತು. “ನಾಳೆ... ಏನಂದ್ರೆ... ಮಳೆ ಬರಬಹುದು.”

ಅವಳು ಶೆಡ್ಡಿನ ಬಳಿಗೆ ನಡೆದಳು. ಬಾಗಿಲ ಚೌಕಟ್ಟು ಹಿಡಿದು ನಿಂತಳು. ಕಪ್ಪು ಹಲಗೆಯ ಮುಂದೆ ನಿಂತಿದ್ದವನು ತಿರುಗಿದ. ತಲೆ ಅಲ್ಲಲ್ಲಿ ನರೆತಿತ್ತು.

“ಲಕ್ಷ್ಮೀ...”

“ಬದುಕಿದ್ದೀಯಾ,” ಎಂದಳು. ಇಷ್ಟು ವರ್ಷ ಕೂಡಿಟ್ಟಿದ್ದ ಮಾತುಗಳಲ್ಲಿ ಹೊರಬಂದದ್ದು ಅದೊಂದೇ.

ಇಬ್ಬರೂ ಹೊರಗೆ ಭತ್ತ ಒಣಗಿಸುವ ಕಣದ ಅಂಚಿಗೆ ಬಂದರು.

“ಯಾಕೆ ಹೋದೆ ದುರ್ಗೇಶ್? ನಾನು ಎದ್ದು ಮಾತಾಡಿದ್ದಕ್ಕಾ?”

“ಅಲ್ಲ. ಆಮೇಲೆ ನೀನು ನಮ್ಮ ಸರ್ ರೂಮಲ್ಲಿದ್ದಾಗ ನಾನು ಬಾಗ್ಲ ಹತ್ರ ನಿಂತಿದ್ದೆ. ‘ಇವನ... ಇವನ... ಏನಂದ್ರೆ...’”

ಮುಂದಿನ ಮಾತು ಅವಳಿಗೆ ಗೊತ್ತಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. ಅವಳು ತುಟಿ ಬಿಗಿಹಿಡಿದು ಕಾದಳು.

“‘...ಮಾತನ್ನ ಜೀವಮಾನ ಪೂರ್ತಿ ನೀನೇ ಆಡ್ತೀಯಾ’ ಅಂತ ಕೇಳಿದ್ರು. ನೀನು ಸುಮ್ಮನಿದ್ದೆ. ಅದೇ ಉತ್ತರ ಅಂದ್ಕಂಡು ಹೋದೆ.”

“ನಿನ್ನ ಒಂದೊಂದು ಮಾತಿಗೂ ನಾನು ಕಾಯ್ತಿದ್ದೆ. ನನ್ನ ಒಂದು ಮಾತಿಗೆ ನೀನು ಕಾಯ್ಲಿಲ್ಲ.” ಕಣ್ಣೀರು ತಾನಾಗಿ ಇಳಿಯಿತು.

ಅವನು ಅವಳ ಕಡೆ ತಿರುಗಿದ. “ಏನಂದಿದ್ದೆ?”

“‘ಇಲ್ಲ ಸರ್. ಇವತ್ತು ನಾನು ಮುಗಿಸಿದ್ದು ತಪ್ಪು. ಇನ್ನು ಅವನ ಮಾತು ಅವನೇ ಮುಗಿಸ್ತಾನೆ. ಎಷ್ಟು ಹೊತ್ತಾದ್ರೂ ನಾನು ಪಕ್ಕದಲ್ಲಿ ಕೂತಿರ್ತೀನಿ’ ಅಂದೆ.”

ದುರ್ಗೇಶ್ ಸೀಮೆಸುಣ್ಣದ ಕೈಯಲ್ಲೇ ಮುಖ ಮುಚ್ಚಿಕೊಂಡ. ಭುಜ ಅದುರುತ್ತಿತ್ತು.

“ಎಲ್ಲೂ ಬಾಯಿ ಬಿಡೋಕೆ ಆಗ್ತಿರ್ಲಿಲ್ಲ ಲಕ್ಷ್ಮೀ. ಈ ಗಿರಣಿಗೆ ಕೆಲ್ಸಕ್ಕೆ ಬಂದೆ. ಇಲ್ಲಿ ಎಲ್ರೂ ಒಂದೊಂದು ಪದಕ್ಕೂ ತಡಕಾಡ್ತಿದ್ರು. ಇವರ ಎದುರು ನಂಗೆ ಹೆದ್ರಿಕೆ ಆಗ್ಲಿಲ್ಲ. ಹಂಗೇ ಕಲಿಸ್ತಾ ಹೋದೆ.”

“ಕನ್ನಡದ ಜೊತೆ ನಿನ್ನ ‘ಏನಂದ್ರೆ’ನೂ ಕಲಿಸಿದ್ದೀಯ.”

ಅವನು ದಿಗಿಲಿನಿಂದ ತಲೆಯೆತ್ತಿದ. “ಹೌದಾ? ಎಲ್ರಿಗೂ?”

“ಎಲ್ರಿಗೂ. ಅದ್ರಿಂದಲೇ ನೀನು ಸಿಕ್ಕಿದ್ದು.”

ಅಳುವಿನ ನಡುವೆಯೇ ಇಬ್ಬರಿಗೂ ನಗು ಬಂತು.

“ನಿಂಗೆ... ಏನಂದ್ರೆ...” ಅವನು ನಿಲ್ಲಿಸಿದ. ಉಸಿರೆಳೆದುಕೊಂಡ. ಅವಳು ಕಾದಳು. “ಮದುವೆ ಆಯ್ತಾ?”

“ಇಲ್ಲ... ನಿಂಗೆ?”

“ಇಲ್ಲ.”

ಅಷ್ಟರಲ್ಲಿ ಶೆಡ್ಡಿನ ಬಾಗಿಲಿಗೆ ಸಬಿತಾ ಬಂದಳು. ಒಡಿಶಾದವಳು. ಅವಳು ಇಬ್ಬರನ್ನೂ ನೋಡಿ, ಹೊಸದಾಗಿ ಕಲಿತಿದ್ದ ಮಾತನ್ನು ಜೋಪಾನವಾಗಿ ಜೋಡಿಸಿ ಕೇಳಿದಳು.

“ಸಾರ್, ಇವರು ನಿಮಗೆ ಏನಾಗಬೇಕು?”

ದುರ್ಗೇಶ್ ಮಹಾಲಕ್ಷ್ಮೀಯ ಕಡೆ ನೋಡಿದ. “ನೀನೇ ಹೇಳು.”

“ಊಹೂಂ. ನೀನೇ ಹೇಳು. ನಂಗೇನೂ ಅವಸರ ಇಲ್ಲ.”

ಅವನು ಮೆಲ್ಲಗೆ ಅವಳ ಕೈ ಹಿಡಿದುಕೊಂಡ.

“ಇನ್ನೂ ಏನೂ ಆಗಿಲ್ಲ ಸಬಿತಾ,” ಎಂದ. “ಆಗಬೇಕು.”