ಸಂಡಿಗೆಯ ಪಕ್ಕ ಒಂದು ಆಂಟೆನಾ

"ಏನ್ರೀ, ಕಾಗೆ ಓಡಿಸ್ತಿದ್ದೀರಾ?"

ಮೆಟ್ಟಿಲ ಬಾಗಿಲಲ್ಲಿ ನಿಂತು ಶ್ವೇತ ಕೇಳಿದಳು. ತಾರಸಿಯ ಮೇಲೆ ಅಮ್ಮ ಒಣಹಾಕಿದ್ದ ಅಕ್ಕಿ ಸಂಡಿಗೆ. ಅದರ ಪಕ್ಕದಲ್ಲಿ ಎರಡು ಅಲ್ಯೂಮಿನಿಯಂ ಕಂಬಿಗಳನ್ನು ಆಕಾಶಕ್ಕೆ ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದ ಹೊಸ ಬಾಡಿಗೆದಾರ ಬಸವಂತ.

"ಇಲ್ರೀ ಮೇಡಂ, ಉಪಗ್ರಹ ಹಿಡೀಲಾಕ ಹತ್ತೀನಿ."

"ಸಿಕ್ತಾ?"

"ಈಗ ಹೋತ್ರಿ. ನೀವು ಮಾತಾಡ್ಸಿದ್ರಿ, ಕೈ ಅಲುಗಾಡ್ತು."

ಹಾಗೆಂದು ಅವಳನ್ನು ನೋಡಿದ, ಕಂಬಿಗಳನ್ನು ನೋಡಿದ, ಮತ್ತೆ ಅವಳನ್ನು ನೋಡಿದ. ಎರಡನೆಯ ಸಲ ನೋಡುವ ಅಗತ್ಯವೇನೂ ಇರಲಿಲ್ಲ. ಶ್ವೇತಳಿಗೆ ಬೇಸರವೂ ಆಗಲಿಲ್ಲ.

ಬಸವಂತ ವಿಜಯಪುರದ ಕಡೆಯವನು, ಕೆಲಸ ಬಿಟಿಎಂ ಲೇಔಟ್‌ನ ಒಂದು ಕಚೇರಿಯಲ್ಲಿ. ಶ್ವೇತ ಜರಗನಹಳ್ಳಿಯ ಆ ಮನೆಯ ಮಾಲೀಕ ಕೆಂಪರಾಜು ಅವರ ಮಗಳು, ಜೆ.ಪಿ. ನಗರದ ಲ್ಯಾಬೊಂದರಲ್ಲಿ ಇಸಿಜಿ ಟೆಕ್ನಿಷಿಯನ್. ಮುಂದಿನ ಭಾನುವಾರ ಅವಳೇ ಸ್ಟೂಲ್ ಹಿಡಿದುಕೊಂಡು ತಾರಸಿಗೆ ಬಂದಳು. "ನಂಗೂ ಕಲಿಸಿ."

ಬೇಕಾದ ಸಾಮಾನು ಕಡಿಮೆ. ಗಾಳಿಯ ರೇಡಿಯೋ ಅಲೆ ಹಿಡಿದು ಕಂಪ್ಯೂಟರಿಗೆ ಕೊಡುವ ಬೆರಳುದ್ದದ ಒಂದು ಡಾಂಗಲ್, ಹಳೆಯ ಲ್ಯಾಪ್‌ಟಾಪ್, ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಂಡು ತಿದ್ದಬಹುದಾದ ಗ್ನೂ ರೇಡಿಯೋ ಎಂಬ ತಂತ್ರಾಂಶ. ಪರದೆಯ ಮೇಲೆ ಚೌಕಗಳನ್ನಿಟ್ಟು ಗೆರೆ ಎಳೆದು ಜೋಡಿಸಿದರೆ ರೇಡಿಯೋ ತಯಾರು. ಶ್ವೇತ ಮೊದಲು ಕಟ್ಟಿದ್ದು ಎಫ್‌ಎಂ. ಸೆಕೆಂಡಿಗೆ ಎಷ್ಟು ಸಲ ಅಲೆಯನ್ನು ಅಳೆಯಬೇಕೆನ್ನುವ ಸ್ಯಾಂಪಲ್ ರೇಟ್ ತಪ್ಪಿದ್ದರಿಂದ ನಿರೂಪಕಿ ತುಂಡು ತುಂಡಾಗಿ ತೊದಲಿದಳು. ಸಂಖ್ಯೆ ತಿದ್ದಿದೊಡನೆ ಸರಾಗವಾಗಿ ಹರಟಿದಳು. ಶ್ವೇತ ಕುಣಿದೇಬಿಟ್ಟಳು.

"ಈ ಫಿಲ್ಟರ್ ಅನ್ನೋ ಚೌಕ ನಮ್ ಇಸಿಜಿಯಲ್ಲೂ ಇದೆ. ಕರೆಂಟಿನ ಗುಂಯ್ ಅನ್ನೋದನ್ನ ತೆಗೆಯೋಕೆ."

"ಎಲ್ಲಾ ಗೊತ್ತೈತಿ ನಿಮಗ. ನಾ ಕಲಸೂದು ಏನು ಉಳದೈತ್ರಿ?"

"ಸ್ವಲ್ಪ ಉಳಿಸ್ಕೊಳ್ಳಿ. ಇಲ್ದಿದ್ರೆ ಭಾನುವಾರ ಮೇಲೆ ಬರೋಕೆ ನಂಗೇನ್ ನೆಪ?"

ಬಸವಂತ ಕೀಬೋರ್ಡಿಗೆ ಬಾಗಿದ. ಮುಖ ಕಾಣಲಿಲ್ಲ, ಕಿವಿ ಕೆಂಪಾದದ್ದು ಕಂಡಿತು.

ಎರಡು ತಿಂಗಳಲ್ಲಿ ಕಂಬಿಗಳು ಕೈ ಬಿಟ್ಟು ಪೈಪಿನ ತುದಿಗೇರಿದವು. ಒಂದೊಂದೂ ಐವತ್ಮೂರು ಸೆಂಟಿಮೀಟರ್, ನಡುವೆ ಅಗಲವಾದ ಕೋನ. ರಷ್ಯಾದ ಹವಾಮಾನ ಉಪಗ್ರಹ ಕಳಿಸುವ ಚಿತ್ರ ಇಳಿಸುವುದು ಗುರಿ. ಅಷ್ಟರಲ್ಲಿ ಕೆಂಪರಾಜು ಮೆಟ್ಟಿಲು ಹತ್ತಿ ಬಂದರು.

"ನೋಡಪ್ಪ, ಪಕ್ಕದ್ಮನೆಯವ್ರು ಟವರ್ ಅಂತವ್ರೆ, ರೇಡಿಯೇಷನ್ ಅಂತವ್ರೆ. ನಂಗೀ ತಲೆನೋವು ಬೇಡ."

"ಇದು ಬರೇ ಕೇಳತೈತ್ರಿ ಅಂಕಲ್. ಏನೂ ಕಳಸೂದಿಲ್ಲ."

"ಏನ್ ಕೇಳ್ತೈತೋ ಭಾನುವಾರ ನನ್ ಕಣ್ಣಿಗೆ ತೋರ್ಸು. ಇಲ್ಲಾಂದ್ರೆ ತಾರಸೀನೂ ಖಾಲಿ, ರೂಮೂ ಖಾಲಿ."

ರೂಮು ಖಾಲಿ ಎಂಬ ಮಾತು ಶ್ವೇತಳ ಎದೆಗೇ ತಾಗಿತು.

ಶುಕ್ರವಾರ ಉಪಗ್ರಹ ಬಂದು ಹೋಯಿತು; ಏನೂ ಸಿಗಲಿಲ್ಲ. ಶನಿವಾರವೂ ಇಲ್ಲ. ಬಸವಂತ ಒಂದೊಂದು ಚೌಕವನ್ನೂ ಬಿಚ್ಚಿ ಮತ್ತೆ ಕಟ್ಟಿದ. ಶ್ವೇತಳ ಕಣ್ಣು ತಪ್ಪಿಸಿ ಓಡಾಡಿದ.

ಭಾನುವಾರ ಬೆಳಿಗ್ಗೆ ಒಂಬತ್ತೂಕಾಲು. ಉಪಗ್ರಹ ಆಕಾಶದಲ್ಲಿರುವುದು ಹನ್ನೆರಡು ನಿಮಿಷ. ಮೊದಲ ನಾಲ್ಕು ಹೋದವು. ಪರದೆಯ ಮೇಲೆ ಚುಕ್ಕೆಗಳು ಚೆಲ್ಲಿದ ಸಾಸಿವೆಯಂತೆ ಹರಡಿದ್ದವು. ಸಿಗ್ನಲ್ ಸಿಕ್ಕಿದ್ದರೆ ಅವು ನಾಲ್ಕು ಗುಂಪಾಗಬೇಕಿತ್ತು. ಕೆಂಪರಾಜು ವಾಚ್ ನೋಡಿಕೊಂಡರು.

ಲ್ಯಾಬಿನಲ್ಲಿ ಇಸಿಜಿ ಗೆರೆ ಸಪಾಟಾದರೆ ಶ್ವೇತ ಯಂತ್ರವನ್ನು ಮುಟ್ಟುವುದಿಲ್ಲ. ಮೊದಲು ರೋಗಿಯ ಎದೆಗೆ ಹಚ್ಚಿದ ವೈರ್ ನೋಡುತ್ತಾಳೆ. ಅವಳು ಪರದೆ ಬಿಟ್ಟು ತಲೆ ಎತ್ತಿದಳು.

ಆಂಟೆನಾದ ನಡುವೆ ಒಂದು ಕಪ್ಪು ಬಟ್ಟೆ ನೇತಾಡುತ್ತಿತ್ತು. ಬಟ್ಟೆ ಅಲೆಯನ್ನು ತಡೆಯುವುದಿಲ್ಲ, ಕಟ್ಟಿದ ಶ್ವೇತಳ ಅಮ್ಮನ ಮನಸ್ಸು ನೋಯಿಸುವುದೇಕೆಂದು ಬಸವಂತ ಅದನ್ನು ಹಾಗೇ ಬಿಟ್ಟಿದ್ದ. ಶ್ವೇತ ಸ್ಟೂಲ್ ಹತ್ತಿ ಬಟ್ಟೆ ಸರಿಸಿದಳು. ಒಳಗೆ, ಒಂದಕ್ಕೊಂದು ತಾಗಲೇಬಾರದ ಎರಡು ಕಂಬಿಗಳನ್ನೂ ಬಿಗಿದು ಸುತ್ತಿದ್ದ ಕಬ್ಬಿಣದ ತಂತಿ!

"ಅಮ್ಮಾ, ಇದನ್ನ ಯಾವಾಗ ಕಟ್ದೆ?"

"ಗುರುವಾರ ಕಣೇ," ಎಂದರು ಪಕ್ಕದಲ್ಲಿ ಸಂಡಿಗೆ ತಿರುವುತ್ತಿದ್ದ ಲಕ್ಷ್ಮಮ್ಮ. "ಸಂಡಿಗೆ ಎಲ್ಲಾ ಕಾಗೆ ಪಾಲಾಗ್ತಿತ್ತು. ಕಂಬಿ ಸುಮ್ನೆ ನಿಂತಿತ್ತಲ್ಲಾ."

"ಕಟಿಂಗ್ ಪ್ಲೇಯರ್ ಕೊಡಿ, ಬೇಗ!"

ತಂತಿ ತುಂಡಾಗಿ ಕೆಳಗೆ ಬಿತ್ತು. ಸಾಸಿವೆ ನಡುಗಿತು, ಒತ್ತೊತ್ತಾಗಿ ಸರಿಯಿತು, ಅಚ್ಚುಕಟ್ಟಾಗಿ ನಾಲ್ಕು ಗುಂಪಾಯಿತು.

"ಬಂತ್ರೀ! ಶ್ವೇತಾ, ಬಂತು!"

ಮೇಡಂ ಎನ್ನುವುದನ್ನು ಅವನು ಮರೆತಿದ್ದ. ಗೆರೆಯ ಮೇಲೆ ಗೆರೆ ಕೂಡಿ ಚಿತ್ರ ಬೆಳೆಯಿತು. ಕಪ್ಪಗೆ ಕಾಣುವ ಸಮುದ್ರ, ಕರಾವಳಿಯ ಅಂಚು, ದೂರದಲ್ಲಿ ಬಿಳಿ ಮೋಡ.

"ಇದು ಈಗಿಂದಾ?" ಕೆಂಪರಾಜು ಕನ್ನಡಕ ಏರಿಸಿದರು. "ನಮ್ಮೂರೆಲ್ಲೋ?"

ಶ್ವೇತ ಬೆರಳಿಟ್ಟು ತೋರಿಸಿದಳು. "ಇಲ್ಲಿ. ಒಂದು ಮೋಡಾನೂ ಇಲ್ಲ ನೋಡಿ."

"ಹಂಗಾದ್ರೆ ಇವತ್ತು ಇನ್ನೊಂದು ಒಬ್ಬೆ ಸಂಡಿಗೆ ಹಾಕ್ತೀನಿ," ಎಂದು ಲಕ್ಷ್ಮಮ್ಮ ಕೆಳಗೆ ನಡೆದರು. ಕೆಂಪರಾಜು ಆಗಲೇ ಪ್ಯಾರಪೆಟ್ ಬಳಿ ನಿಂತು ಪಕ್ಕದ ಮನೆಯವರನ್ನು ಕೂಗುತ್ತಿದ್ದರು. "ಬನ್ರೀ ಇಲ್ಲಿ! ಟವರ್ರಂತೆ ಟವರ್ರು. ನಮ್ ಹುಡುಗ ಉಪಗ್ರಹ ಇಳಿಸವ್ನೆ!"

ಶ್ವೇತ ಪ್ಲೇಯರ್ ಕೆಳಗಿಟ್ಟಳು. "ನೀವೂ ಈ ಡಾಂಗಲ್ ಥರಾನೇ. ಬರೀ ಕೇಳೋದು, ಏನೂ ಹೇಳಲ್ಲ."

ಬಸವಂತ ಈ ಸಲ ಕೀಬೋರ್ಡಿಗೆ ಬಾಗಲಿಲ್ಲ.

"ಮೊದಲನೇ ದಿನ ಸುಳ್ಳು ಹೇಳಿದ್ನಿರಿ. ಕೈ ಅಲುಗಾಡಿದ್ದು ನೀವು ಮಾತಾಡ್ಸಿದ್ದಕ್ಕಲ್ಲ, ನಿಮ್ಮನ್ನ ನೋಡಿ. ನನ್ನ ಮದ್ವಿ ಆಗ್ತೀರೇನ್ರಿ?"

ಅವಳು ನಕ್ಕಳು. ನಗುವಾಗ ಕಣ್ಣು ತುಂಬಿದ್ದು ಅವಳಿಗೇ ಗೊತ್ತಾಗಲಿಲ್ಲ.

"ಆಗ್ತೀನಿ. ಆದ್ರೆ ಅಪ್ಪನ್ನ ನೀವೇ ಕೇಳ್ಬೇಕು."

"ಈಗ್ಲೇ ಕೇಳ್ತೀನ್ರಿ. ಚಿತ್ರ ಇನ್ನೂ ಬಿಸಿಬಿಸಿ ಐತಿ."

ತೆರೆದ ಲ್ಯಾಪ್‌ಟಾಪನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಒಂದು ಸಂಡಿಗೆಯನ್ನೂ ತುಳಿಯದೆ, ಬಸವಂತ ಕೆಂಪರಾಜು ಅವರತ್ತ ನಡೆದ. ಶ್ವೇತ ಅವನ ಕೈಗಳನ್ನೇ ನೋಡುತ್ತಿದ್ದಳು. ಅವು ಒಂದಿಷ್ಟೂ ಅಲುಗಾಡಲಿಲ್ಲ.