ಶಕ್ತಿ ಮಾತ್ರೆ

ಮಾರ್ಚ್ ಐದು, ಬುಧವಾರ, ಬೆಳಿಗ್ಗೆ ಹತ್ತು ನಲವತ್ತಕ್ಕೆ ಹರಿಹರದ ಠಾಣೆಗೆ ಆಟೋ ಚಾಲಕನೊಬ್ಬ ದೂರು ತಂದ. ಹೆಸರು ಅಂಜನಕುಮಾರ, ವಯಸ್ಸು ಮೂವತ್ತೊಂದು. ಅರ್ಜಿಯಲ್ಲಿ ‘ವಿಷ’ ಎಂಬ ಪದವನ್ನು ಬರೆದು, ಹೊಡೆದು ಹಾಕಿ, ಅದರ ಮೇಲೆಯೇ ಮತ್ತೆ ಬರೆದಿದ್ದ.

ಇನ್‌ಸ್ಪೆಕ್ಟರ್ ರುದ್ರಮುನಿ ಅರ್ಜಿಯನ್ನು ಓದಿ ಕುರ್ಚಿ ತೋರಿಸಿದರು.

“ಯಾರಿಗೆ ವಿಷ?”

“ನಮ್ಮವ್ವಗ ಸಾಹೇಬ್ರ. ದ್ಯಾಮವ್ವ ಅಂತ. ವಾಮದೇವಪ್ಪ ಸಾವ್ಕಾರ್ರ ಮನಿಗೆ ಕೆಲಸಕ್ಕೆ ಹೋಗ್ತಾಳ. ಸೋಮವಾರ ಅವರ ಹಿತ್ಲಾಗ ಪಾತ್ರೆ ತಿಕ್ತಾ ತಿಕ್ತಾ ಬಿದ್ಲು. ಎದಿ ಡವಡವ ಅಂತಿತ್ತು. ದಾವಣಗೆರೆ ಆಸ್ಪತ್ರಿಗೆ ಹಾಕೇವಿ. ನಿನ್ನೆ ಎಡಗೈ, ಎಡಗಾಲು ಸ್ವಾಧೀನ ತಪ್ಪಿದ್ವು.”

“ಕುಡಿಯೋ ಅಭ್ಯಾಸ ಐತಾ?”

ಅಂಜನಕುಮಾರ ತಲೆ ಎತ್ತಿ ಅವರ ಮುಖವನ್ನೇ ನೋಡಿದ. ಸಾವುಕಾರ ಬಿದ್ದಿದ್ದರೆ ಈ ಪ್ರಶ್ನೆ ಮೊದಲು ಬರುತ್ತಿರಲಿಲ್ಲ ಎಂದು ರುದ್ರಮುನಿಯವರಿಗೇ ಹೊಳೆದು, ಕಿವಿ ಬಿಸಿಯಾಯಿತು. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಬಾಯಿಗೆ ಅಂಟಿಕೊಂಡ ಚಟಗಳಲ್ಲಿ ಅದೂ ಒಂದು.

“ಇಲ್ಲ ಬಿಡು. ಏನು ತಿಂದಿದ್ಲು ಹೇಳು.”

“ಏನೋ ಮಾತ್ರಿ ಸಾಹೇಬ್ರ. ಸಾವ್ಕಾರ್ರ ಮನ್ಯಾಗ ಕೊಟ್ಟಾರ ಅಂತಿದ್ಲು. ಶಕ್ತಿ ಮಾತ್ರಿ ಅಂತ. ಎಂಟು ದಿನದಿಂದ ನಿದ್ದಿನೇ ಮಾಡಿಲ್ಲ. ಬೆಳಗಿನ ಜಾವ ಎದ್ದು ಎರಡು ಮನಿ ಅಂಗಳ ಗುಡಿಸ್ತಿದ್ಲು. ನಾವು ಖುಷಿಪಟ್ವಿ ಸಾಹೇಬ್ರ, ಅವ್ವಗ ಶಕ್ತಿ ಬಂತು ಅಂತ.”

ಹನ್ನೊಂದು ಇಪ್ಪತ್ತಕ್ಕೆ ಎಫ್‌ಐಆರ್ ದಾಖಲಾಯಿತು. ಭಾರತೀಯ ನ್ಯಾಯ ಸಂಹಿತೆ ಕಲಂ 125, ಇನ್ನೊಬ್ಬರ ಪ್ರಾಣಕ್ಕೆ ಅಪಾಯ ತರುವ ಕೃತ್ಯ. ಆರೋಪಿಯ ಹೆಸರಿನ ಜಾಗದಲ್ಲಿ ‘ತಿಳಿದುಬಂದಿಲ್ಲ’ ಎಂದು ಬರೆಯಲಾಯಿತು. ಊರಿಗೆಲ್ಲ ಗೊತ್ತಿರುವ ಮನೆಯ ವಿಷಯದಲ್ಲಿ ಹಾಗೆ ಬರೆಯುವುದಕ್ಕೆ ರುದ್ರಮುನಿಯವರಿಗೆ ಸ್ವಲ್ಪ ನಗು ಬಂತು, ಆದರೆ ಕಾನೂನು ಕಾನೂನೇ.

ಮಧ್ಯಾಹ್ನ ಒಂದು ಗಂಟೆಗೆ ಅವರೂ ಮಹಿಳಾ ಕಾನ್‌ಸ್ಟೆಬಲ್ ಭಾಗ್ಯಲಕ್ಷ್ಮಿಯೂ ದಾವಣಗೆರೆಯ ಆಸ್ಪತ್ರೆಯಲ್ಲಿದ್ದರು. ದ್ಯಾಮವ್ವನ ವಯಸ್ಸು ಐವತ್ತೆಂಟು. ಕಣ್ಣು ತೆರೆದಿತ್ತು, ಮಾತು ತೊದಲುತ್ತಿತ್ತು. ಚಿಕಿತ್ಸೆ ಕೊಡುತ್ತಿದ್ದ ಡಾಕ್ಟರು ಸಣ್ಣ ಪ್ರಾಯದವರು, ಎರಡು ದಿನದಿಂದ ಸರಿಯಾಗಿ ಊಟ ಮಾಡಿದಂತೆ ಕಾಣಲಿಲ್ಲ.

“ಬಂದಾಗ ಬಿಪಿ ಇನ್ನೂರ ಹತ್ತು ಇತ್ತು,” ಎಂದರು. “ಮೊದಲಿಂದ ಬಿಪಿ ಪೇಶೆಂಟು. ಮಾತ್ರೆ ಬಿಟ್ಟಿದ್ದಾರೆ. ಅದರ ಮೇಲೆ ಇನ್ನೇನೋ ಒಳಗೆ ಹೋಗಿದೆ ಅನ್ನಿಸ್ತು. ಏನು ಅಂತ ಗೊತ್ತಾಗ್ಲಿಲ್ಲ.”

“ಯಾರನ್ನೂ ಕೇಳಲಿಲ್ವಾ?”

“ಕೇಳಿದೆ. ಮನೆ ಯಜಮಾನರು ಬಂದಿದ್ರು, ಬಿಳಿ ಜುಬ್ಬ. ಎರಡು ಸಲ ಕೇಳಿದೆ. ಬರೀ ಶಕ್ತಿ ಮಾತ್ರೆ, ಹೆಸರು ಗೊತ್ತಿಲ್ಲ ಅಂದ್ರು.”

“ಹೆಸರು ಹೇಳಿದ್ದರೆ ಈ ಲಕ್ವ ತಪ್ಪುತ್ತಿತ್ತಾ?”

ಡಾಕ್ಟರು ಕೊರಳಿನ ಸ್ಟೆತಸ್ಕೋಪನ್ನು ತೆಗೆದು ಜೇಬಿಗೆ ತುರುಕಿದರು. “ಹಾಗಂತ ಪ್ರಮಾಣ ಮಾಡಲಾರೆ. ಆದರೆ ನಾವು ಕತ್ತಲಲ್ಲಿ ತಡಕಾಡೋದು ತಪ್ತಿತ್ತು.”

ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ ದ್ಯಾಮವ್ವನ ಎಲೆ ಅಡಿಕೆ ಸಂಚಿ ಇತ್ತು. ಭಾಗ್ಯಲಕ್ಷ್ಮಿ ಅದನ್ನು ಎತ್ತಿ ಮೂಸಿ ನೋಡಿದಳು. ಅವಳ ಅಜ್ಜಿಗೂ ಇಂಥದೊಂದು ಸಂಚಿ ಇತ್ತು, ಸುಣ್ಣ ಮತ್ತು ಹೊಗೆಸೊಪ್ಪಿನ ವಾಸನೆಗೆ ಮಕ್ಕಳೆಲ್ಲ ಮೂಗು ಮುಚ್ಚಿಕೊಳ್ಳುತ್ತಿದ್ದರು.

“ಸರ್, ಇದು ಸೋಪಿನ ವಾಸನಿ ಹೊಡಿತೈತೆ.”

“ಅದಕ್ಕೇನು?”

“ಎಲಿ ಸಂಚಿ ಯಾರು ಸೋಪು ಹಾಕಿ ಒಗಿತಾರ ಸರ್? ಹರಿಯೋತನ ಒಗಿಯಲ್ಲ.”

ರುದ್ರಮುನಿ ಸಂಚಿಯನ್ನು ತಿರುಗಿಸಿ ನೋಡಿದರು. ಅಡಿಕೆ, ಸುಣ್ಣದ ಡಬ್ಬಿ ಎಲ್ಲವನ್ನೂ ಮತ್ತೆ ಜೋಡಿಸಿ ಇಟ್ಟಿತ್ತು. ಬಟ್ಟೆ ಮಾತ್ರ ಹಬ್ಬದ ದಿನದಂತೆ ಸ್ವಚ್ಛವಾಗಿತ್ತು. ಅಂಜನಕುಮಾರನನ್ನು ಕೇಳಿದರು. ಸೋಮವಾರ ಸಾವುಕಾರರು, ಒಳಗೆ ದುಡ್ಡಿರಬಹುದು ಜೋಪಾನವಾಗಿ ಇಡುತ್ತೇನೆ ಎಂದು ಸಂಚಿಯನ್ನು ತೆಗೆದುಕೊಂಡು ಹೋಗಿ, ಮಂಗಳವಾರ ತಂದುಕೊಟ್ಟಿದ್ದರಂತೆ. ಕೆಲಸದವಳ ಸಂಚಿಯನ್ನು ಸಾವುಕಾರರು ಕೈಯಾರೆ ಹೊತ್ತಿದ್ದು ಕಂಡು ವಾರ್ಡಿನಲ್ಲಿದ್ದವರೆಲ್ಲ ಮೆಚ್ಚಿಕೊಂಡಿದ್ದರಂತೆ.

ಪಂಚರ ಸಮಕ್ಷಮ ಸಂಚಿಯನ್ನು ವಶಪಡಿಸಿಕೊಂಡರು. ಪಂಚನಾಮೆಯಲ್ಲಿ ‘ಸದರಿ ಸಂಚಿ’ ಎಂಬುದು ಒಂಬತ್ತು ಸಲ ಬಂತು.

ದ್ಯಾಮವ್ವನನ್ನು ಭಾಗ್ಯಲಕ್ಷ್ಮಿಯೇ ಮಾತಾಡಿಸಿದಳು. “ಎಷ್ಟು ಮಾತ್ರಿ ತಗೊಂಡಿ ದೊಡ್ಡವ್ವ?”

“ಮೊದ್ಲು ಒಂದು... ಆಮ್ಯಾಲೆ ಮುಂಜಾನಿ ಎರಡು, ಸಂಜಿಗೆ ಎರಡು.” ದ್ಯಾಮವ್ವ ಒಂದೊಂದೇ ಪದ ಹುಡುಕಿ ಹೇಳಿದಳು. “ಮೈ ಹಗುರ ಆಗಿತ್ತವ್ವ. ಬಿಪಿ ಮಾತ್ರಿ ಯಾತಕ್ಕ ಅಂತ ಬಿಟ್ಟೆ... ಅಮ್ಮಾರ್ನ ಏನೂ ಅನ್ನಬ್ಯಾಡ್ರಿ. ಒಳ್ಳೇದಕ್ಕ ಕೊಟ್ಟಾರ.”

“ಇನ್ನೂ ಉಳಿದಾವ?”

“ಮನ್ಯಾಗ... ಸಾಸ್ವಿ ಡಬ್ಬ್ಯಾಗ.”

ಸಂಜೆ ಹರಿಹರದ ಮನೆಯಲ್ಲಿ ಸಾಸಿವೆ ಡಬ್ಬಿಯೊಳಗೆ ಮೂರು ಬಿಳಿ ಮಾತ್ರೆ ಸಿಕ್ಕವು. ಒಂದನ್ನು ಪರೀಕ್ಷೆಗೆಂದು ಮೊಹರು ಮಾಡಿ ಪ್ರಯೋಗಾಲಯಕ್ಕೆ ಕಳಿಸಿದರು. ವರದಿ ಬರುವಷ್ಟರಲ್ಲಿ ದ್ಯಾಮವ್ವನ ಆಯುಸ್ಸು ಏನಾಗುತ್ತದೋ ಎಂದು ಉಳಿದವುಗಳ ಫೋಟೋ ತೆಗೆದು ಡಾಕ್ಟರಿಗೆ ಕಳಿಸಿದರು. ಹತ್ತೇ ನಿಮಿಷದಲ್ಲಿ ಫೋನು ಬಂತು. ಮೇಲಿನ ಗುರುತು ನೋಡಿದರೆ ಮೊಡಾಫಿನಿಲ್ ಇರಬೇಕು, ಖಾತ್ರಿ ಮಾಡಿಕೊಳ್ಳಿ, ಇದನ್ನು ಇಡುವ ಅಂಗಡಿಗಳು ದಾವಣಗೆರೆಯಲ್ಲಿ ಎಣಿಸುವಷ್ಟೇ ಇವೆ ಎಂದರು.

ಗುರುವಾರ ಬೆಳಿಗ್ಗೆ ಒಂಬತ್ತೂವರೆಗೆ ಎರಡನೆಯ ಅಂಗಡಿಯಲ್ಲೇ ಗೊತ್ತಾಯಿತು. ಮೆಡಿಕಲ್ ಶಾಪಿನ ಮಾಲೀಕ ಜಮಾಲುದ್ದೀನ್ ಕನ್ನಡಕ ಏರಿಸಿ ಮಾತ್ರೆಯನ್ನು ನೋಡಿದರು.

“ಇದು ನಿದ್ದೆ ಮಾತ್ರೆನಾ?” ರುದ್ರಮುನಿ ಕೇಳಿದರು.

“ಉಲ್ಟಾ ಸಾಹೇಬ್ರ. ನಿದ್ದೆ ತಡಿಯೋದು. ಕೆಲವರಿಗೆ ಹಗಲೆಲ್ಲ ತಡಿಲಾರದ ನಿದ್ದೆ ಬರ್ತೈತೆ, ಮಾತಾಡ್ತಾ ಮಾತಾಡ್ತಾ, ಊಟ ಮಾಡ್ತಾ. ಅದೊಂದು ಕಾಯಿಲೆ. ನಾರ್ಕೊಲೆಪ್ಸಿ ಅಂತಾರ. ಅಂಥವರಿಗೆ ಇದು. ಬಿಪಿ, ಹಾರ್ಟು ಇದ್ದೋರಿಗೆ ಡಾಕ್ಟ್ರು ಭಾಳ ಯೋಚನೆ ಮಾಡಿ ಕೊಡ್ತಾರ. ಪರೀಕ್ಷೆ ಬಂದ್ರೆ ಓದೋ ಹುಡುಗ್ರು ಬಂದು ಗೋಗರೀತಾರ, ಚೀಟಿ ಇಲ್ದೆ ಒಂದೂ ಕೊಡಲ್ಲ.”

“ಹರಿಹರದಿಂದ ಯಾರು ಒಯ್ತಾರೆ?”

ಜಮಾಲುದ್ದೀನ್ ಬಿಲ್ಲುಗಳ ಕಟ್ಟು ಬಿಚ್ಚಿದರು. ರೋಗಿ: ವಾಣಿ, ವಯಸ್ಸು ಇಪ್ಪತ್ನಾಲ್ಕು. ತಂದೆ: ವಾಮದೇವಪ್ಪ. ದಿನಕ್ಕೊಂದು, ಬೆಳಿಗ್ಗೆ ಮಾತ್ರ. ನಾಲ್ಕು ವರ್ಷದಿಂದ ಅದೇ ಬಿಲ್ಲು, ಸಲಕ್ಕೆ ಮೂರು ತಿಂಗಳಿಗಾಗುವಷ್ಟು.

“ಆ ಯಜಮಾನ್ರು ಒಂದು ವಿಚಿತ್ರ ಮಾಡ್ತಾರ ಸಾಹೇಬ್ರ. ಶೀಟಿಂದ ಮಾತ್ರೆ ಎಲ್ಲ ಇಲ್ಲೇ ಬಿಡಿಸಿ ಬಾಟ್ಲಿಗೆ ಹಾಕ್ಕೊಂಡು, ಖಾಲಿ ಶೀಟು ನನ್ನ ಕಸದ ಡಬ್ಬಿಗೆ ಹಾಕಿ ಹೋಗ್ತಾರ. ಹಂಗ ಮಾಡಬ್ಯಾಡ್ರಿ, ಮನ್ಯಾಗ ಯಾರಾದ್ರೂ ತಪ್ಪು ತಿಳ್ಕೊಂತಾರ ಅಂದೆ. ಕೇಳಲ್ಲ.”

ಮಧ್ಯಾಹ್ನ ಹನ್ನೆರಡಕ್ಕೆ ಪಂಚರೊಂದಿಗೆ ವಾಮದೇವಪ್ಪನವರ ಮನೆಯ ಶೋಧ ನಡೆಯಿತು. ಭಾಗ್ಯಲಕ್ಷ್ಮಿ ವಿಡಿಯೋ ಮಾಡಿಕೊಂಡಳು. ಅಡುಗೆ ಮನೆಯ ಗೂಡಿನಲ್ಲಿ ಲೇಬಲ್ ಕೆರೆದು ತೆಗೆದ ಬಾಟಲಿ ಇತ್ತು. ಅದರ ಮೇಲೆ ಅಂಟಿಸಿದ್ದ ಬಿಳಿ ಪಟ್ಟಿಯಲ್ಲಿ ದುಂಡಗಿನ ಅಕ್ಷರದಲ್ಲಿ ‘ಶಕ್ತಿ ಮಾತ್ರೆ’ ಎಂದು ಬರೆದಿತ್ತು. ಬರೆದ ವಾಮದೇವಪ್ಪ ಲೆಕ್ಕದ ಪುಸ್ತಕ ಬರೆದು ಪಳಗಿದ ಭತ್ತದ ವ್ಯಾಪಾರಿ, ಅಕ್ಷರ ಮುತ್ತಿನಂತಿತ್ತು.

ಮನೆಯ ಪಡಸಾಲೆಯಲ್ಲಿ ಮೂವರು. ವಾಮದೇವಪ್ಪ, ಹೆಂಡತಿ ಬಸವಣ್ಣೆಮ್ಮ, ಗೋಡೆಗೆ ಒರಗಿದ ಮಗಳು ವಾಣಿ. ಭಾನುವಾರ ಹದಡಿಯ ಗಂಡಿನ ಕಡೆಯವರು ಹೂ ಮುಡಿಸಲು ಬರುವುದಿತ್ತು. ಮಂಚದ ಮೇಲೆ ಹೊಸ ಸೀರೆಗಳ ಪೊಟ್ಟಣಗಳಿದ್ದವು.

“ದ್ಯಾಮವ್ವಗೆ ಮಾತ್ರೆ ಕೊಟ್ಟವರು ಯಾರು?”

“ನಾನ್ರಿ,” ಎಂದರು ಬಸವಣ್ಣೆಮ್ಮ, ಕೇಳಿದ ಕೂಡಲೇ. “ಸುಸ್ತು ಸುಸ್ತು ಅಂತಿದ್ಲು. ಪಾಪ ಅಂತ ಒಂದು ಮುಷ್ಟಿ ಕೊಟ್ಟೆ. ನಮ್ಮ ಹುಡುಗಿಗೂ ಮೈಯಾಗ ಶಕ್ತಿ ಇಲ್ಲ, ಡಾಕ್ಟ್ರು ಬರಕೊಟ್ಟಾರ. ಒಳ್ಳೇ ಮಾತ್ರಿ ಅಲ್ಲೇನ್ರಿ ಅವು?”

“ಅದು ಯಾವ ಮಾತ್ರೆ ಅಂತ ನಿಮಗೆ ಗೊತ್ತಿಲ್ವಾ?”

“ಶಕ್ತಿ ಮಾತ್ರಿ!” ಅವರು ಬಾಟಲಿಯತ್ತ ಕೈ ತೋರಿಸಿದರು, ಇನ್‌ಸ್ಪೆಕ್ಟರಿಗೆ ಓದಲು ಬರುವುದಿಲ್ಲವೇನೋ ಎಂಬಂತೆ.

ರುದ್ರಮುನಿಯವರಿಗೆ ಆಗ ಅರ್ಥವಾಯಿತು. ಈ ಹೆಂಗಸಿಗೆ ನಾಲ್ಕು ವರ್ಷದಿಂದ ತನ್ನ ಮಗಳ ಕಾಯಿಲೆಯೇ ಗೊತ್ತಿಲ್ಲ. ಅವರು ವಾಮದೇವಪ್ಪನವರ ಕಡೆ ತಿರುಗಿದರು.

“ಕೊಟ್ಟವರು ಇವರು. ಹಾಗಾದರೆ ಇವರನ್ನ ಠಾಣೆಗೆ ಕರ್ಕೊಂಡು ಹೋಗಬೇಕಾಗುತ್ತೆ. ನೀವೇನಾದ್ರೂ ಹೇಳೋದಿದೆಯಾ?”

ವಾಮದೇವಪ್ಪ ಜುಬ್ಬದ ಗುಂಡಿಯನ್ನು ಹಾಕಿದರು, ಬಿಚ್ಚಿದರು. ಬಸವಣ್ಣೆಮ್ಮ ಗಂಡನ ಮುಖವನ್ನೇ ನೋಡುತ್ತಿದ್ದರು. ಮೂವತ್ತು ವರ್ಷದ ಸಂಸಾರದಲ್ಲಿ ತನ್ನೊಂದಿಗೆ ಯಾರಾದರೂ ಎತ್ತರದ ದನಿಯಲ್ಲಿ ಮಾತಾಡಿದರೆ ಅಡ್ಡ ಬರುತ್ತಿದ್ದ ಗಂಡ ಈಗ ನೆಲ ನೋಡುತ್ತಿದ್ದ. ಬಸವಣ್ಣೆಮ್ಮ ಸೆರಗು ಸರಿಪಡಿಸಿಕೊಂಡು ಎದ್ದರು.

“ನಡೀರಿ, ಬರ್ತೀನಿ. ಚಪ್ಪಲಿ ಹಾಕ್ಕೊಂಡು ಬರ್ತೀನಿ.”

ನೋಡಲಾರದ ದೃಶ್ಯ ಅದು. ಭಾಗ್ಯಲಕ್ಷ್ಮಿ ವಿಡಿಯೋ ಮಾಡುತ್ತಿದ್ದ ಮೊಬೈಲನ್ನು ಕೆಳಗಿಳಿಸಬೇಕೆಂದುಕೊಂಡಳು, ನಿಯಮ ನೆನಪಾಗಿ ಹಾಗೇ ಹಿಡಿದಳು.

“ಅವ್ವ, ಕೂಡು,” ಎಂದಳು ವಾಣಿ. “ಸರ್, ಡಾಕ್ಟ್ರು ಏನಂದ್ರು? ಮಾತ್ರೆ ಹೆಸರು ಗೊತ್ತಾದ ಮೇಲೆ?”

“ಹೆಸರು ಅವರಿಗೆ ಗೊತ್ತಾಗಿದ್ದೇ ನಿನ್ನೆ ಸಂಜೆ.”

“ಇಲ್ಲ ಸರ್. ಸೋಮವಾರ ಅಪ್ಪಾಜಿ ಹೇಳಿ ಬಂದಾರ.”

ರುದ್ರಮುನಿ ವಾಮದೇವಪ್ಪನವರತ್ತ ನೋಡಿದರು. ವಾಣಿ ಮುಂದುವರಿಸಿದಳು.

“ಸೋಮವಾರ ದ್ಯಾಮವ್ವ ಬಿದ್ದಾಗ ಅವ್ವ ಹೇಳಿದ್ಲು, ಆ ಮಾತ್ರಿ ಕೊಟ್ಟಿದ್ದೆ ಅಂತ. ನಾನು ಆಗಲೇ ಅಪ್ಪಾಜಿಗೆ ಹೇಳಿದೆ, ಓಡ್ರಿ, ಡಾಕ್ಟ್ರಿಗೆ ಹೆಸರು ಹೇಳ್ರಿ ಅಂತ. ಚೀಟಿ ಮಡಚಿ ಅವರ ಜೇಬಿಗೆ ಇಟ್ಟೆ. ಹೇಳಿದೆ ಅಂದ್ರಲ್ಲ ಅಪ್ಪಾಜಿ?”

ವಾಮದೇವಪ್ಪ ಗೋಡೆಗೆ ತಿರುಗಿದರು.

“ಹೇಳಾಕಂತನೇ ಹೋಗಿದ್ದೆ,” ಎಂದರು ಗೋಡೆಗೆ. “ವಾರ್ಡಿನಾಗ ಹದಡಿ ಬೀಗರ ತಮ್ಮ ನಿಂತಿದ್ದ. ಯಾರನ್ನೋ ನೋಡಾಕ ಬಂದಿದ್ನಂತೆ. ನನ್ನ ಪಕ್ಕದಾಗೇ ನಿಂತ. ಡಾಕ್ಟ್ರು ಕೇಳಿದ್ರು. ನಾಲಿಗೆ ಹೊರಳಲಿಲ್ಲ.”

“ಆಮೇಲೆ ಒಬ್ಬರೇ ಇದ್ದಾಗ ಹೇಳಬಹುದಿತ್ತಲ್ಲ?”

“ಒಂದು ಸಲ ಗೊತ್ತಿಲ್ಲ ಅಂದಿದ್ದೆನಲ್ರಿ.”

“ಸಂಚಿ?”

“ಅದ್ರಾಗ ನಾಕು ಮಾತ್ರಿ ಇದ್ವು. ಬಚ್ಚಲಿಗೆ ಚೆಲ್ಲಿದೆ. ಪುಡಿ ಮೆತ್ತಿತ್ತು, ಒಗೆದೆ.”

ಬಸವಣ್ಣೆಮ್ಮನಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ. “ಏನು ಕಾಯಿಲಿರೀ ನನ್ನ ಮಗಳಿಗೆ?” ಎಂದು ಒಬ್ಬೊಬ್ಬರನ್ನೇ ಕೇಳಿದರು. ಪೊಲೀಸರನ್ನೂ ಕೇಳಿದರು.

ವಾಣಿಯ ಹೇಳಿಕೆಯನ್ನು ಮಧ್ಯಾಹ್ನ ಒಂದೂಕಾಲಕ್ಕೆ ಬರೆದುಕೊಂಡರು. ನಾಲ್ಕು ವರ್ಷದ ಹಿಂದೆ ಕುಕ್ಕುವಾಡದಲ್ಲಿ ಸಂಬಂಧಿಕರ ಮದುವೆ. ಊಟದ ಪಂಕ್ತಿಯಲ್ಲಿ ಯಾರೋ ತಮಾಷೆ ಮಾಡಿದರು. ವಾಣಿ ಜೋರಾಗಿ ನಕ್ಕಳು, ನಕ್ಕ ಹಾಗೆಯೇ ಮೊಣಕಾಲು ಕುಸಿದು ಎಲೆಯ ಮೇಲೆ ಬಿದ್ದಳು. ನಕ್ಕರೆ ಮೈ ಕೈ ಸೋತು ಬೀಳುವುದೂ ಅದೇ ಕಾಯಿಲೆಯ ಲಕ್ಷಣವೆಂದು ಆಮೇಲೆ ಡಾಕ್ಟರು ಹೇಳಿದರು. ಅವತ್ತು ಮಾತ್ರ ಮೂರ್ಛೆರೋಗ ಎಂದು ಪಂಕ್ತಿಯೆಲ್ಲ ಎದ್ದು ನಿಂತಿತು. ಯಾರೋ ಕೀಲಿಗೊಂಚಲು ತಂದು ಅವಳ ಅಂಗೈಗೆ ಒತ್ತಿದರು. ಅವಳಿಗೆ ಪ್ರಜ್ಞೆ ಇತ್ತು. ಎಲ್ಲರ ಮಾತೂ ಕೇಳುತ್ತಿತ್ತು. ಅಪ್ಪ ಮುಖದ ಮೇಲಿನ ಅನ್ನ ಒರೆಸುತ್ತ, “ಬಿಸಿಲಿಗೆ ಹಂಗಾಗೈತೆ, ಬಿಸಿಲಿಗೆ” ಎಂದು ಕಂಡಕಂಡವರಿಗೆ ಹೇಳುತ್ತಿದ್ದುದೂ ಕೇಳಿತು.

“ಅಪ್ಪಾಜಿನೇ ದಾವಣಗೆರೆಗೆ ಕರ್ಕೊಂಡು ಹೋಗಿ ತೋರಿಸಿದ್ರು,” ಎಂದಳು. “ಒಂದು ತಿಂಗಳೂ ಮಾತ್ರೆ ತಪ್ಪಿಸಿಲ್ಲ. ಚೀಟಿ ಹಿಂದೆ ಎಲ್ಲ ಬರೆದೈತೆ ಸರ್. ಬೇರೆಯವರಿಗೆ ಕೊಡಬಾರದು, ಶೀಟಿನಲ್ಲೇ ಇಡಬೇಕು, ಬೀಗ ಹಾಕಿಡಬೇಕು. ನಾನೂ ಓದೀನಿ. ಅವ್ವಗ ಹೇಳಬ್ಯಾಡ ಅಂದ್ರು, ಸುಮ್ಮನಿದ್ದೆ. ನನಗೂ ನಾಚಿಕಿ ಇತ್ತು. ಅದನ್ನೂ ಬರಕೊಳ್ರಿ.”

ರುದ್ರಮುನಿ ಬರೆದುಕೊಂಡರು.

ಮಧ್ಯಾಹ್ನ ಮೂರು ಗಂಟೆಗೆ ವಾಮದೇವಪ್ಪನವರ ಬಂಧನವಾಯಿತು. ಎಫ್‌ಐಆರ್‌ಗೆ ಸಾಕ್ಷ್ಯನಾಶದ ಕಲಂ 238 ಸೇರಿತು. ಬಸವಣ್ಣೆಮ್ಮ ಸಾಕ್ಷಿಯಾದರು. ದ್ಯಾಮವ್ವನ ಬಿಪಿ ಇಳಿದಿದೆ, ಎಡಗೈ ಮೊದಲಿನಂತಾಗುವುದು ಅನುಮಾನ ಎಂದು ಆಸ್ಪತ್ರೆಯಿಂದ ಫೋನು ಬಂತು. ಅವಳು ಪಾತ್ರೆ ತಿಕ್ಕಿ ಬದುಕುವ ಹೆಂಗಸು ಎಂದು ಅಂಜನಕುಮಾರ ಠಾಣೆಯ ಬಾಗಿಲಲ್ಲಿ ನಿಂತು ಒಂದೇ ಸಲ ಹೇಳಿದ, ಮತ್ತೆ ಹೇಳಲಿಲ್ಲ.

ನಿಯಮದಂತೆ ರುದ್ರಮುನಿ ಆರೋಪಿಯ ಹೇಳಿಕೆಯನ್ನು ಅವರಿಗೇ ಓದಿ ಹೇಳಿದರು. ‘ನನ್ನ ಮಗಳಿಗೆ ನಿದ್ದೆಯ ಕಾಯಿಲೆ ಇರುತ್ತದೆ’ ಎಂಬಲ್ಲಿಗೆ ಬಂದಾಗ ವಾಮದೇವಪ್ಪ ಕೈ ಎತ್ತಿದರು.

“ಆ ಒಂದು ಸಾಲು ಬಿಡಾಕ ಬರ್ತೈತಾ ಸಾಹೇಬ್ರ? ಉಳಿದಿದ್ದೆಲ್ಲ ಒಪ್ಪಿಕೊಂತೀನಿ.”

“ಬರಲ್ಲ.”

ಎರಡೂ ಜಾಮೀನು ಸಿಗುವ ಕಲಮುಗಳು. ಸಂಜೆ ಐದಕ್ಕೆ ಭಾವಮೈದುನ ಜಾಮೀನು ಕೊಟ್ಟು, ಮುಖ ಕೊಡದೆ ಹೋಗಿಬಿಟ್ಟ. ಹದಡಿಯಿಂದಲೂ ಅಷ್ಟರಲ್ಲಿ ಫೋನು ಬಂದಿತ್ತು, ಭಾನುವಾರ ಬರುವುದಿಲ್ಲವೆಂದು. ಇನ್ನು ಹೋಗಬಹುದು ಎಂದು ರುದ್ರಮುನಿ ಹೇಳಿದರೂ ವಾಮದೇವಪ್ಪ ಬೆಂಚಿನಿಂದ ಏಳಲಿಲ್ಲ. ಹೊರಗೆ ಭತ್ತದ ವ್ಯಾಪಾರಿಗಳು, ಓಣಿಯವರು, ಸುಮ್ಮನೆ ನೋಡಲು ಬಂದವರು ಸೇರಿದ್ದರು.

“ಸಾಹೇಬ್ರ, ಕತ್ತಲಾಗೋತನ ಇಲ್ಲೇ ಕುಂತಿರ್ಲಾ?”

ರುದ್ರಮುನಿಯವರಿಗೆ ಬೇಡ ಎನ್ನಲು ಬಾಯಿ ಬರಲಿಲ್ಲ. ಅಷ್ಟರಲ್ಲಿ ವಾಣಿ ಒಳಗೆ ಬಂದಳು. ಆ ದಿನ ಬೆಳಿಗ್ಗೆ ದ್ಯಾಮವ್ವನ ಚಿಂತೆಯಲ್ಲಿ ಅವಳು ಮಾತ್ರೆ ನುಂಗುವುದನ್ನು ಮರೆತಿದ್ದಳು, ಆಮೇಲೆ ಶೋಧದಲ್ಲಿ ಬಾಟಲಿಯೂ ಠಾಣೆ ಸೇರಿತ್ತು. ಕಣ್ಣು ಎಳೆಯುತ್ತಿತ್ತು. ಭಾಗ್ಯಲಕ್ಷ್ಮಿ ಕುರ್ಚಿ ಕೊಟ್ಟರೂ ಕೂರಲಿಲ್ಲ, ಕೂತರೆ ಎಲ್ಲರೆದುರು ನಿದ್ದೆ ಹೋಗುತ್ತೇನೆ ಎಂದಳು, ನಾಚದೆ.

“ಬರ್ರಿ ಅಪ್ಪಾಜಿ,” ಎಂದು ಕೈ ಚಾಚಿದಳು. “ಬೆಳಕಿದ್ದಂಗ ಹೋಗಾಣ. ದಾರ್ಯಾಗ ನನಗೆ ನಿದ್ದಿ ಬಂದ್ರ ಹಿಡ್ಕೊಳ್ರಿ. ಯಾರಾದ್ರೂ ಕೇಳಿದ್ರ ಏನಾಗೈತಿ ಅಂತ ನೀವೇ ಹೇಳ್ರಿ.”

ಠಾಣೆಯ ದಿನಚರಿಯಲ್ಲಿ ಸಂಜೆ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ಬರೆದಿರುವುದು ಇಷ್ಟು: ಆರೋಪಿಯು ಜಾಮೀನಿನ ಮೇಲೆ ಬಿಡುಗಡೆಯಾಗಿ, ಮಗಳ ಕೈ ಹಿಡಿದು, ಮುಂಬಾಗಿಲಿನಿಂದ ನಡೆದು ಹೋಗಿರುತ್ತಾನೆ.