ಹಗೇವಿನೊಳಗಿನ ಕರೆ

"ಆ ಗಂಟ ಬಿಚ್ಚಬ್ಯಾಡ್ರಿ. ಒಳಗಿಂದು ಹೆಸರ ಕೇಳ್ತೈತಿ."

ಯರಗುಪ್ಪಿಯ ಖಾಲಿ ವಾಡೆಯನ್ನು ಕಾಯುತ್ತಿದ್ದ ಮುದುಕಿ ಮೈಲಾರವ್ವ ಹೀಗಂದಾಗ ಕುಬೇರಪ್ಪ ನಕ್ಕುಬಿಟ್ಟ.

"ಕೇಳಿದ್ರ ಹೇಳೂಣಂತ ಬಿಡಬೇ. ಹೇಳಿದ್ರ ಹೆಸರೇನ ಸವದು ಹೋಗತೈತೇನು?"

"ನಗ್ರಿ, ನಗ್ರಿ. ಮಾಟಾ ಮಾಡಿದಾಂವ ಅದಕ್ಕೊಂದು ಹೆಸರ ಕಟ್ಟೂ ಮದಲ ಸತ್ತ. ಹೆಸರಿಲ್ಲಂತ ಸುಮ್ಮನ ಬಿದ್ದೈತಿ."

ಎಪ್ಪತ್ತನಾಲ್ಕರ ಬೇಸಿಗೆ. ವಿಶ್ವವಿದ್ಯಾಲಯದ ಪತ್ರಾಗಾರದಲ್ಲಿ ತರಬೇತಿಗೆ ಸೇರಿದ್ದ ಕುಬೇರಪ್ಪನನ್ನು ವಾಡೆಯ ಹಳೆಯ ಕಾಗದ, ಸಾಮಾನು ವಿಂಗಡಿಸಲು ಒಬ್ಬನನ್ನೇ ಕಳಿಸಿದ್ದರು. ಪತ್ರಾಗಾರದಲ್ಲಿ ಅವನ ಹೆಸರು ಯಾರಿಗೂ ಬೇಕಿರಲಿಲ್ಲ. "ಏ ಟ್ರೇನಿ" ಅಂದರೆ ಅವನೇ. ಹೆಸರು ಹಿಡಿದು ಕರೆಯುವ ಜೀವವೆಂದರೆ ಅಣ್ಣಿಗೇರಿಯಲ್ಲಿದ್ದ ತಾಯಿ ಅನ್ನವ್ವ ಒಬ್ಬಳೇ. ಹೀಗಾಗಿ ಸಾಮಾನು ಸಾಮಾನಿಗೂ ದಾರದಿಂದ ಚೀಟಿ ಕಟ್ಟುವಾಗ, 'ಸಂಗ್ರಹಿಸಿದವರು' ಎಂಬಲ್ಲಿ ತನ್ನ ಹೆಸರನ್ನು ದುಂಡಗೆ ಬರೆಯುವುದು ಅವನ ಗುಟ್ಟಿನ ಸಂತೋಷವಾಗಿತ್ತು.

ಗಂಟು ಸಿಕ್ಕಿದ್ದು ಅಂಗಳದ ಹಗೇವಿನಲ್ಲಿ, ಜೋಳ ತುಂಬಿಡುವ ನೆಲದ ಹೊಟ್ಟೆಯಲ್ಲಿ. ಒಳಗಿನ ಕೆಟ್ಟ ಗಾಳಿ ಉಸಿರು ನಿಲ್ಲಿಸುತ್ತದೆಂದು ಮೊದಲು ಕಂದೀಲು ಇಳಿಬಿಟ್ಟು, ಅದು ಆರದಿರುವುದನ್ನು ನೋಡಿಯೇ ಅವನು ಇಳಿದಿದ್ದ.

ಪಡಸಾಲೆಗೆ ತಂದು ಬಿಚ್ಚಿದ. ಮುಗ್ಗಿದ ಜೋಳದ ನಾತ, ಸುಟ್ಟ ಕೂದಲಿನ ನಾತ. ಗೇಣುದ್ದದ ಬೇವಿನ ಗೊಂಬೆ. ಕಣ್ಣಿಲ್ಲ, ಬಾಯಿಲ್ಲ, ಕಿವಿಗಳು ಮಾತ್ರ ದೊಡ್ಡವು. ಎದೆಗೆ ಜಾಲಿಮುಳ್ಳು. ಎಂದಿನಂತೆ ಚೀಟಿ ಬರೆದು ಗೊಂಬೆಯ ಕೊರಳಿಗೆ ಕಟ್ಟಿದ. ಆ ಚೀಟಿಯಲ್ಲಿದ್ದ ಒಂದೇ ಒಂದು ಹೆಸರು ಅವನದು.

ದಾರ ಬಿಗಿದದ್ದೇ ತಡ, ತೊಲೆಯ ಮೇಲಿನ ಗುಬ್ಬಿಗಳು ಸುಮ್ಮನಾದವು. ನಡುಮಧ್ಯಾಹ್ನ. ಪಡಸಾಲೆಯ ಬಿಸಿಲು ಇದ್ದಲ್ಲೇ ಇತ್ತು, ಅವನ ಕಣ್ಣಿಗೆ ಮಾತ್ರ ಕತ್ತಲೆ. ಎದೆಯಲ್ಲಿ ಏನೋ ಮುರಿದಂತೆ ಚುಚ್ಚಿತು. ನಾಲಿಗೆಯ ಮೇಲೆ ಮಣ್ಣು.

"ಕುಬೇರಾ..."

ಅವ್ವನ ದನಿ. ಅಂಗಳದಿಂದ. ನೆಲದೊಳಗಿಂದ.

"ಓ" ಅಂದ. ಎಷ್ಟೋ ತಿಂಗಳ ಮೇಲೆ ಯಾರೋ ಕರೆದಿದ್ದರು. ಎದ್ದ. ಕಾಲುಗಳು ತಾವೇ ನಡೆದವು. ಹಗೇವಿನ ಬಾಯಿ. ತಣ್ಣನೆಯ ಕಪ್ಪು. ಇನ್ನೊಂದು ಹೆಜ್ಜೆ. ಹಿಂದಿನಿಂದ ಅಂಗಿಯ ಕಾಲರು ಕುತ್ತಿಗೆಗೆ ಬಿಗಿಯಿತು.

ಮೈಲಾರವ್ವ ಅವನನ್ನು ಕೆಡವಿ, ಒಳಗೋಡಿ, ಗೊಂಬೆಯನ್ನು ಚೀಟಿಯ ಸಮೇತ ತಂದು ಹಗೇವಿಗೆ ಎಸೆದು ಬಾಯಿಗೆ ಕಲ್ಲು ಎಳೆದಳು.

"ಚೀಟಿ ಹರೀಬೇಕಾಗಿತ್ತು," ಅವನು ತೊದಲಿದ.

"ಹರದ್ರ ಮುಗೀತೇನು? ಓ ಅಂದ್ರಿ. ಹೆಸರು ಅದರ ಪಾಲಾತು. ಇನ್ನ ಆ ಹೆಸರ್ಲೆ ಯಾರ ಕರದ್ರೂ ಓ ಅನಬ್ಯಾಡ್ರಿ. ಇನ್ನೊಮ್ಮೆ ಅಂದ್ರ ಒಯ್ತೈತಿ."

"ನಮ್ಮವ್ವ ಕರದ್ರ?"

ಮುದುಕಿ ಸೆರಗಿಗೆ ಕೈಮಣ್ಣು ಒರೆಸಿಕೊಂಡಳು. "ಅಕೀ ದನೀನ ಕಲ್ತೈತಲ್ಲೋ ಯಪ್ಪಾ ಅದು."

ತರಬೇತಿ ಮುಗಿದು ಅಣ್ಣಿಗೇರಿಗೆ ಬಂದ. "ತಮ್ಮಾ ಅಂತ ಕರಿ, ಹೆಸರ ಹಿಡೀಬ್ಯಾಡಬೇ" ಅಂದಾಗ ಅನ್ನವ್ವ, "ಸಾಲಿ ಕಲ್ತು ಇಟ್ಟ ಹೆಸರೂ ಭಾರ ಆತೇನಲೇ?" ಎಂದು ಚೇಷ್ಟೆ ಮಾಡಿದಳು. ಆದರೆ ಮಾತು ತಪ್ಪಲಿಲ್ಲ. ಓಣಿಯವರು ಹೆಸರಿನಿಂದ ಕರೆದರೆ ಅವನು ತಿರುಗುತ್ತಿರಲಿಲ್ಲ. ಅವರು ಕರೆಯುವುದನ್ನೇ ಬಿಟ್ಟರು. ಕಟ್ಟೆಯ ಮೇಲೆ ಕೂತು ಪತ್ರಾಗಾರದ ದಿನಗಳನ್ನು ನೆನೆಯುತ್ತಿದ್ದ. ಆ ಕಪಾಟುಗಳ ಕತ್ತಲೆಯಲ್ಲಿ ತಕ್ಕಡಿ, ಗಂಟೆ, ಬೀಗಗಳ ಕೊರಳಲ್ಲೆಲ್ಲ ತನ್ನ ಹೆಸರು ತೂಗುತ್ತಿರಬೇಕು. ಇಲ್ಲಿ ತನ್ನ ಬಳಿ ಇರಲಿಲ್ಲ.

"ಜ್ವಾಳಾ ತೀರ್ಯಾವ ತಮ್ಮಾ, ಹಿತ್ತಲ ಹಗೇವು ತಗೀಬೇಕು," ಅಂದಳು ಅನ್ನವ್ವ.

"ನಾ ಹಗೇವಿನಾಗ ಇಳಿಯಂಗಿಲ್ಲ."

"ಗಂಡಸಾಗಿ ಹಿಂಗಂದ್ರ ಹೆಂಗೋ?" ಎಂದವಳು ಅವನ ಮುಖ ನೋಡಿ ಖಾಲಿ ಬುಟ್ಟಿಯನ್ನು ಗೋಡೆಗೆ ಒರಗಿಸಿದಳು.

ಮಾರನೆಯ ಮಧ್ಯಾಹ್ನ ಪಡಸಾಲೆಯಲ್ಲಿ ಮಲಗಿದ್ದ. ಮುಗ್ಗಿದ ಜೋಳದ ನಾತ ಮೂಗಿಗೆ ಬಡಿಯಿತು.

"ಕುಬೇರಾ..."

ನೆಲದೊಳಗಿಂದ. ಅವ್ವ ಈಗ ಹಾಗೆ ಕರೆಯುವುದಿಲ್ಲ. ಅದು ಬಂತು. ಯರಗುಪ್ಪಿಯಿಂದ ಇಲ್ಲಿಯವರೆಗೆ. ಕೌದಿ ಎಳೆದುಕೊಂಡ. ಕಿವಿಗೆ ಬೆರಳು. ಕುಬೇರಾ. ಹಲ್ಲು ಕಚ್ಚಿದ. ಓ ಎಂಬುದು ಗಂಟಲಿಗೆ ಬಂತು. ನುಂಗಿದ. ಕುಬೇರಾ, ಲಗೂ... ಅಳುವ ದನಿ. ಎಷ್ಟು ಚೆನ್ನಾಗಿ ಕಲಿತಿತ್ತು. ನುಂಗಿದ. ಕುಬೇ...

ನಿಂತಿತು.

ಬೆವರಿನಲ್ಲಿ ತೊಯ್ದ ಕುಬೇರಪ್ಪ ಎದ್ದು ಕೂತ. ಗೆದ್ದಿದ್ದ. ಮೊದಲು ಅವ್ವನಿಗೆ ಹೇಳಬೇಕು.

"ಅವ್ವಾ."

ಒಲೆಯ ಬಳಿ ಯಾರೂ ಇರಲಿಲ್ಲ. ಹಿತ್ತಲಿಗೆ ಹೋದ. ಹಗೇವಿನ ಕಲ್ಲು ಸರಿದಿತ್ತು. ಏಣಿಯ ತುದಿ ಮೇಲೆ ಕಾಣುತ್ತಿತ್ತು. ಪಕ್ಕದಲ್ಲಿ ಬುಟ್ಟಿ, ಹಚ್ಚದೆ ಇಟ್ಟ ಕಂದೀಲು. ಉಸಿರು ಕಟ್ಟಿದಾಗ ಅನ್ನವ್ವನ ಬಾಯಿಗೆ ತಮ್ಮಾ ಬಂದಿರಲಿಲ್ಲ, ತಾನಿಟ್ಟ ಹೆಸರೇ ಬಂದಿತ್ತು.

ಅಂಚಿನಲ್ಲಿ ಬೋರಲು ಬಿದ್ದು ಕತ್ತಲೆಗೆ ಮುಖವಿಟ್ಟ.

"ಓ" ಅಂದ.

ಒಯ್ಯಲೆಂದೇ ಕಾದ. ಮತ್ತೆ ಅಂದ, ಇನ್ನೂ ಗಟ್ಟಿಯಾಗಿ. ಕೆಳಗಿನಿಂದ ಅವನನ್ನು ಯಾರೂ ಕರೆಯಲಿಲ್ಲ.